ಬ್ಲೌಸ್ ಹೊಲಿಯುವ ಕೈಗೆ ಫ್ಲೀಸ್ ಬಟ್ಟೆ

ನಮ್ಮ ಮಾವನದು ಹೂವಿನ ವ್ಯಾಪಾರ. ಬೆಳಗಿನ ಜಾವ ಮೂರೂವರೆಗೆ ಎದ್ದು ಮಾರುಕಟ್ಟೆಗೆ ಹೊರಡುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಚಿಕ್ಕಬಳ್ಳಾಪುರದ ಆ ಹೊತ್ತು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಂದಿ ಬೆಟ್ಟ ಎಲ್ಲಿದೆ ಅಂತಲೇ ಕಾಣದಷ್ಟು ಮಂಜು. ಅವರ ಹತ್ತಿರ ಇದ್ದದ್ದು ಒಂದೇ ಉಲ್ಲನ್ ಸ್ವೆಟರ್. ಗುಲಾಬಿ ಕಟ್ಟು ಎತ್ತಿ ಇಳಿಸಿ, ಮುಳ್ಳು ಸಿಕ್ಕಿ ಸಿಕ್ಕಿ, ಎದೆಯ ಮೇಲೆಲ್ಲ ಎಳೆ ಕಿತ್ತು ಜಾಳುಜಾಳಾಗಿತ್ತು. "ಊರಿಗೆಲ್ಲ ಹೊಲಿದು ಕೊಡ್ತೀಯಲ್ಲಮ್ಮಾ, ನಂಗೊಂದು ಕೋಟು ಹೊಲಿಯಕ್ಕಾಗಲ್ವಾ?" ಅಂದರು. ಆಗುತ್ತದೆ ಮಾವ, ಅಂದುಬಿಟ್ಟೆ.

ನಾನು ಬ್ಲೌಸ್ ಹೊಲಿಯುವವಳು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಅರ್ಧ ಇಂಚು ಆಚೀಚೆ ಆದರೆ ಬೈಸಿಕೊಳ್ಳುವ ಕಸುಬು ಅದು. ಬಟ್ಟೆಯನ್ನು ಬಿಗಿಯಾಗಿ ಹಿಡಿ, ಎಳೆದು ಹೊಲಿ, ಪ್ರತಿ ಹೊಲಿಗೆಗೂ ಇಸ್ತ್ರಿ ಒತ್ತು. ಇದು ನನ್ನ ಕೈಗೆ ಅಂಟಿದ ಅಭ್ಯಾಸ. ಅದೇ ಅಭ್ಯಾಸದಲ್ಲಿ ಮಾವನ ಕೋಟಿಗೆ ತಂದ ಫ್ಲೀಸ್, ಅಂದರೆ ಜುಂಗು ಎದ್ದ ಬೆಚ್ಚನೆಯ ಜಾಕೆಟ್ ಬಟ್ಟೆ, ಹೊಲಿದೆ. ಕೆಳಗಿನ ಮಡಿಕೆ ಹುರಿದ ಹಪ್ಪಳದ ಅಂಚಿನ ಹಾಗೆ ಸುರುಳಿ ಸುರುಳಿ ಆಯಿತು. ಒಂದು ತೋಳು ಇನ್ನೊಂದಕ್ಕಿಂತ ಕಪ್ಪಗೆ ಕಂಡಿತು. ಎದೆಯ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂಗಿನ ಗುರುತು ಮಿರಮಿರ ಮಿಂಚುತ್ತಿತ್ತು. ಮಾವ ಅದನ್ನೇ ಒಂದು ಚಳಿಗಾಲ ಪೂರ್ತಿ ಹಾಕಿಕೊಂಡರು, ಅದು ಬೇರೆ ಮಾತು.

ಆಮೇಲೆ ಜಾಕೆಟ್ಟು, ಮಕ್ಕಳ ಟೋಪಿ, ಹಾಲು ಹಾಕುವವರ ಅರ್ಧ ತೋಳಿನ ಕೋಟು ಅಂತ ಸುಮಾರು ಹೊಲಿದಿದ್ದೇನೆ. ಮನೆಯಲ್ಲಿ ಕಾಲು ಮಷಿನ್ ಇಟ್ಟುಕೊಂಡು ಬ್ಲೌಸ್, ಚೂಡಿದಾರ್ ಹೊಲಿಯುವವರಿಗೆ ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಮಷಿನ್ ಏನೂ ಬೇಡ. ಕೈಯ ಬಿಗಿ ಸ್ವಲ್ಪ ಬಿಡಬೇಕು, ಅಷ್ಟೇ. ಆದರೆ ನಮ್ಮಂಥವರಿಗೆ ಅದೇ ಕಷ್ಟ.

ಮೊದಲು ಇದು ಎಂಥ ಬಟ್ಟೆ ಅಂತ ತಿಳಿದುಕೊಳ್ಳಿ. ಮುಟ್ಟಿದರೆ ಉಣ್ಣೆ ಅನ್ನಿಸುತ್ತದೆ, ಆದರೆ ಕುರಿಗೂ ಇದಕ್ಕೂ ಸಂಬಂಧ ಇಲ್ಲ. ಇದು ಪಾಲಿಯೆಸ್ಟರ್. ಬನಿಯನ್ ಬಟ್ಟೆಯ ಹಾಗೆ ಕುಣಿಕೆ ಕುಣಿಕೆಯಾಗಿ ಹೆಣೆದು, ಆಮೇಲೆ ತಂತಿ ಬ್ರಷ್ಷಿನಿಂದ ಕೆದರಿ ಜುಂಗು ಎಬ್ಬಿಸಿರುತ್ತಾರೆ. ಆ ಜುಂಗಿನ ಮಧ್ಯೆ ಗಾಳಿ ನಿಲ್ಲುತ್ತದೆ, ಅದೇ ಬೆಚ್ಚಗೆ. 1979ರಲ್ಲಿ ಅಮೆರಿಕದ ಮಾಲ್ಡೆನ್ ಮಿಲ್ಸ್ ಅನ್ನುವ ಗಿರಣಿಯವರು ಮೊದಲು ತಂದದ್ದು. 1993ರಲ್ಲಿ ಪ್ಯಾಟಗೋನಿಯಾ ಕಂಪನಿಯವರು ಬಳಸಿ ಎಸೆದ ಪ್ಲಾಸ್ಟಿಕ್ ಬಾಟಲಿಗಳಿಂದ ಮಾಡಿದ ಫ್ಲೀಸನ್ನೇ ಬಟ್ಟೆ ಹೊಲಿಯಲು ಬಳಸತೊಡಗಿದರು. ನೀರಿನ ಬಾಟಲಿ, ಈ ಬಟ್ಟೆ ಎರಡೂ ಒಂದೇ ಜಾತಿ. ಈ ಒಂದು ಮಾತು ನೆನಪಿದ್ದರೆ ಇಸ್ತ್ರಿ ಪೆಟ್ಟಿಗೆ ತಾನಾಗಿಯೇ ದೂರ ಇರುತ್ತದೆ.

ಅಂಗಡಿಯಲ್ಲಿ ಫ್ಲೀಸ್ ಅಂದರೆ ಕೆಲವರು ಮುಖ ನೋಡುತ್ತಾರೆ. ಪೋಲಾರ್ ಬಟ್ಟೆ, ಜಾಕೆಟ್ ಬಟ್ಟೆ ಅಂದರೆ ಗೊತ್ತಾಗುತ್ತದೆ. ನಾನು ಲೈನಿಂಗ್, ಫಾಲ್ ತರಲು ಬೆಂಗಳೂರಿನ ಚಿಕ್ಕಪೇಟೆಗೆ ಹೋದಾಗ ಜೊತೆಯಲ್ಲೇ ತರುತ್ತೇನೆ. ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ ಹೇಳುತ್ತಾರೆ. 100 ಅಂದರೆ ತೆಳು, ಒಳಗೆ ಹಾಕಿಕೊಳ್ಳಲು ಸರಿ. 200 ಮಧ್ಯಮ. 300 ದಪ್ಪ. ಮೊದಲ ಸಲ ಹೊಲಿಯುವವರು 200 ತೆಗೆದುಕೊಳ್ಳಿ. 300 ತಂದರೆ ಕಾಲರ್ ಹತ್ತಿರ ನಾಲ್ಕು ಪದರ ಸೇರುವ ಜಾಗದಲ್ಲಿ ಕಾಲು ಮಷಿನ್ ಮುಕ್ಕರಿಯುತ್ತದೆ. ಕಿಲೋ ಲೆಕ್ಕದಲ್ಲಿ ಮಾರುವವರೂ ಇದ್ದಾರೆ. ಹೆದರಬೇಡಿ, ಲೆಕ್ಕ ಸುಲಭ. ಪನ್ನಾ 60 ಇಂಚು, ಅಂದರೆ ಒಂದೂವರೆ ಮೀಟರ್ ಅಗಲ ಇದ್ದರೆ, 200 ಜಿಎಸ್‌ಎಂ ಬಟ್ಟೆ ಒಂದು ಮೀಟರಿಗೆ ಸುಮಾರು 300 ಗ್ರಾಂ ತೂಗುತ್ತದೆ. ಕಿಲೋಗೆ ಸುಮಾರು ಮೂರೂ ಕಾಲು ಮೀಟರ್ ಬರುತ್ತದೆ. 38 ಎದೆಯ ದೊಡ್ಡವರ ಜಾಕೆಟ್ಟಿಗೆ ಈ ಪನ್ನಾದಲ್ಲಿ ಒಂದೂ ಮುಕ್ಕಾಲು ಮೀಟರ್ ಸಾಕು. ಕಾಲರ್, ಜೇಬು ಎಲ್ಲ ಅದರಲ್ಲೇ ಆಗುತ್ತದೆ.

ಅಂಗಡಿಯವರು ನೋಡುತ್ತಿದ್ದರೂ ನಾಚಿಕೆ ಬೇಡ. ಬಟ್ಟೆಯ ಮೂಲೆಯನ್ನು ಅದಕ್ಕೇ ಅದನ್ನು ಇಟ್ಟು ಒಂದಿಪ್ಪತ್ತು ಸಲ ಗಟ್ಟಿಯಾಗಿ ಉಜ್ಜಿ. ಅಷ್ಟಕ್ಕೇ ಸಣ್ಣ ಗುಂಡು ಗುಂಡು ಕಟ್ಟಿದರೆ ವಾಪಸ್ ಕೊಡಿ, ಎರಡು ಒಗೆತಕ್ಕೆ ಅದು ಹಳೇ ಕಾಲೊರೆಸು ಆಗುತ್ತದೆ. ಅಡ್ಡಕ್ಕೆ ಎಳೆದು ಬಿಟ್ಟೂ ನೋಡಿ. ಎಳೆದಷ್ಟೇ ನಿಂತು, ಹಿಂದಕ್ಕೆ ಬರದಿದ್ದರೆ ಮೊಣಕೈ ಹತ್ತಿರ ಚೀಲ ಆಗುವುದು ಖಂಡಿತ.

ಲೈನಿಂಗ್ ನೆನೆಸಿ ಒಣಗಿಸುವ ಹಾಗೆ ಇದನ್ನು ನೆನೆಸಬೇಕಾಗಿಲ್ಲ, ಕುಗ್ಗುವುದಿಲ್ಲ. ಆದರೆ ಇದರ ಜೊತೆ ಹಾಕುವ ಹತ್ತಿಯ ಪಟ್ಟಿ, ಕಾಟನ್ ರಿಬ್ (ತೋಳಿನ ತುದಿಗೆ ಹಾಕುವ ಹಿಗ್ಗುವ ಪಟ್ಟಿ) ಕುಗ್ಗುತ್ತವೆ. ಅವನ್ನು ನೆನೆಸಿಕೊಳ್ಳಿ.

ಕತ್ತರಿ ಹಿಡಿಯುವ ಮೊದಲು ಮೂರು ವಿಷಯ ಗುರುತು ಮಾಡಿಕೊಳ್ಳಬೇಕು. ನನ್ನ ಮೊದಲ ಜಾಕೆಟ್ ಹಾಳಾಗಲು ಶುರುವಾದದ್ದು ಮಷಿನ್ ಮೇಲಲ್ಲ, ಇಲ್ಲೇ.

ಬಟ್ಟೆ ಯಾವ ಕಡೆ ಹಿಗ್ಗುತ್ತದೆ ಅಂತ ನೋಡಿ. ಸಾಮಾನ್ಯವಾಗಿ ಪನ್ನಾದ ಕಡೆ ಜಾಸ್ತಿ ಹಿಗ್ಗುತ್ತದೆ, ಉದ್ದಕ್ಕೆ ಕಡಿಮೆ. ಆ ಹಿಗ್ಗುವ ಕಡೆ ಮೈಯನ್ನು ಸುತ್ತಿ ಬರಬೇಕು. ತೋಳಿಗೂ ಹಾಗೆಯೇ, ಟೋಪಿಗೂ ಹಾಗೆಯೇ. ಚೂರು ಉಳಿಸುವ ಆಸೆಗೆ ತೋಳನ್ನು ಅಡ್ಡ ಹಾಕಿ ಕತ್ತರಿಸಿದರೆ, ಹಾಕಿಕೊಂಡವರ ಕೈ ಉದ್ದಕ್ಕೂ ಅದು ಜೋಲುತ್ತದೆ, ಮೊಣಕೈ ಹತ್ತಿರ ಮಾತ್ರ ಬಿಗಿ.

ಹೊರಮೈ ಯಾವುದು, ಒಳಮೈ ಯಾವುದು ಅಂತ ಎರಡೂ ಕಡೆ ಜುಂಗು ಇರುವುದರಿಂದ ಗೊತ್ತಾಗುವುದಿಲ್ಲ. ಅಂಚಿನ ಪಟ್ಟಿ ಬಿಟ್ಟು, ಅಡ್ಡಕ್ಕೆ ಕತ್ತರಿಸಿದ ತುದಿಯನ್ನು ಎರಡು ಕೈಯಲ್ಲಿ ಹಿಡಿದು ಎಳೆಯಿರಿ. ತುದಿ ಸುರುಳಿ ಸುತ್ತುತ್ತದೆ. ಯಾವ ಕಡೆಗೆ ಸುತ್ತುತ್ತದೋ ಅದು ಒಳಮೈ. ಗೊತ್ತಾದ ತಕ್ಷಣ ಪ್ರತಿ ತುಂಡಿನ ಒಳಮೈಗೆ ಸೋಪಿನ ಚೂರಿನಿಂದ ಒಂದು ಗೀಟು ಎಳೆದುಬಿಡಿ. ಕತ್ತರಿಸಿ ಗುಡ್ಡೆ ಹಾಕಿದ ಮೇಲೆ ಯಾವ ದೇವರಿಗೂ ಗೊತ್ತಾಗುವುದಿಲ್ಲ.

ಇನ್ನು ಜುಂಗಿನ ಓಟ. ಬೆಕ್ಕಿನ ಬೆನ್ನು ಸವರುವ ಹಾಗೆ ಉದ್ದಕ್ಕೆ ಸವರಿ. ಒಂದು ಕಡೆ ನುಣ್ಣಗೆ ಮಲಗುತ್ತದೆ, ಇನ್ನೊಂದು ಕಡೆ ಎದ್ದು ನಿಲ್ಲುತ್ತದೆ. ಎಲ್ಲ ತುಂಡುಗಳಲ್ಲೂ ಅದು ಮೇಲಿನಿಂದ ಕೆಳಕ್ಕೆ ಮಲಗಬೇಕು. ನನ್ನ ಮೊದಲ ಜಾಕೆಟ್ಟಿನ ಒಂದು ತೋಳು ತಲೆಕೆಳಗಾಗಿತ್ತು. ಟ್ಯೂಬ್‌ಲೈಟ್ ಕೆಳಗೆ ಹೊಲಿಯುವಾಗ ಕಾಣಲಿಲ್ಲ. ಬೆಳಗ್ಗೆ ಅಂಗಳಕ್ಕೆ ತಂದರೆ ಎರಡು ಬೇರೆ ಬೇರೆ ಬಟ್ಟೆಯ ಹಾಗೆ ಕಂಡಿತು.

ಬಟ್ಟೆಯನ್ನು ಎರಡು ಪದರ ಮಡಚಿ ಕತ್ತರಿಸಬೇಡಿ. ಕೆಳಗಿನ ಪದರ ಮೆಲ್ಲಗೆ ಜಾರಿರುತ್ತದೆ, ಎಡ ಬಲ ಒಂದೇ ಸಮ ಬರುವುದಿಲ್ಲ. ಪೇಪರಿನ ಮೇಲೆ ಅಳತೆ ಕತ್ತರಿಸಿ, ಒಂದೇ ಪದರದ ಮೇಲಿಟ್ಟು ಕತ್ತರಿಸಿ, ಆಮೇಲೆ ಪೇಪರನ್ನು ಮಗುಚಿ ಇನ್ನೊಂದು ಕಡೆ ಕತ್ತರಿಸಿ. ಪೇಪರ್ ಅಲುಗದಿರಲು ಗುಂಡುಸೂಜಿ ಬೇಡ. ಜುಂಗಿನಲ್ಲಿ ಅದು ಮುಳುಗಿ ಮಾಯ ಆಗುತ್ತದೆ. ನಾನು ಕುಟ್ಟಾಣಿ, ತೂಕದ ಬಟ್ಟು, ಉಪ್ಪಿನ ಡಬ್ಬಿ ಇಡುತ್ತೇನೆ. ಹೊಲಿಯುವಾಗ ಪದರ ಹಿಡಿಸಲು ಬಟ್ಟೆ ಒಣಗಿಸುವ ಕ್ಲಿಪ್ಪೇ ಸಾಕು. ಒಂದು ಸಲ ಸೂಜಿ ಒಳಗೇ ಉಳಿದು ಮಾವನ ಪಕ್ಕೆಗೆ ಚುಚ್ಚಿತು. ಅವತ್ತಿನಿಂದ ಕ್ಲಿಪ್.

ಅಳತೆಯಲ್ಲಿ ಬ್ಲೌಸ್ ಮನಸ್ಸು ಬಿಡಿ. ಎದೆ ಸುತ್ತಳತೆಗೆ ಆರು ಇಂಚು ಕೂಡಿಸಿ. ಒಳಗೆ ಶರಟು ಇರುತ್ತದೆ, ಬಟ್ಟೆಯೇ ಒಂದಿಷ್ಟು ಜಾಗ ತಿನ್ನುತ್ತದೆ. ಕಂಕುಳನ್ನು ನಿಮ್ಮ ಲೆಕ್ಕಕ್ಕಿಂತ ಒಂದು ಇಂಚು ಕೆಳಗಿಳಿಸಿ. ಟಕ್ಸ್ ಗಿಕ್ಸ್ ಏನೂ ಬೇಡ, ದಪ್ಪ ಬಟ್ಟೆಯಲ್ಲಿ ಅದು ಗುಳ್ಳೆಯ ಹಾಗೆ ನಿಲ್ಲುತ್ತದೆ.

ಇನ್ನು ಮಷಿನ್. ಬಾಲ್ ಪಾಯಿಂಟ್ ಸೂಜಿ ತೆಗೆದುಕೊಳ್ಳಿ, 14ನೇ ನಂಬರ್. ಅದರ ತುದಿ ಮೊಂಡು ದುಂಡಗಿರುತ್ತದೆ, ಎಳೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಮಾಮೂಲಿ ಸೂಜಿಯಲ್ಲಿ ಹೊಲಿಗೆ ಹಾರುತ್ತದೆ. ದಾರ ಪಾಲಿಯೆಸ್ಟರ್ ಇರಲಿ, ಹತ್ತಿ ದಾರ ಬಟ್ಟೆ ಹಿಗ್ಗಿದಾಗ ಪಟ್ಟನೆ ಕಿತ್ತುಹೋಗುತ್ತದೆ. ಹೊಲಿಗೆ ದೊಡ್ಡದಾಗಿರಲಿ, ಇಂಚಿಗೆ ಏಳೆಂಟು. ಬ್ಲೌಸಿಗೆ ಹಾಕುವ ಸಣ್ಣ ಹೊಲಿಗೆ ಹಾಕಿದರೆ ಎರಡು ತೊಂದರೆ: ಹೊಲಿಗೆಯ ಸಾಲು ಹಿಗ್ಗಿ ಅಲೆ ಅಲೆ ಆಗುತ್ತದೆ, ತಪ್ಪಾದರೆ ಬಿಚ್ಚಲೂ ಆಗುವುದಿಲ್ಲ. ಜುಂಗಿನಲ್ಲಿ ಹುದುಗಿದ ಹೊಲಿಗೆ ಬಿಚ್ಚುವುದು ಅಂದರೆ ಹಲಸಿನ ಹಣ್ಣಿನ ಮೇಣ ಬಿಡಿಸಿದ ಹಾಗೆ.

ಕಪ್ಪು ಮಷಿನ್ನಿನ ಎಡ ತುದಿಯ ತಲೆಯ ಮೇಲೆ ಒಂದು ತಿರುಗಿಸುವ ಸ್ಕ್ರೂ ಇರುತ್ತದೆ, ನೋಡಿದ್ದೀರಾ? ಎಷ್ಟೋ ಜನ ಮಷಿನ್ ಕೊಂಡ ದಿನದಿಂದ ಅದನ್ನು ಮುಟ್ಟಿರುವುದಿಲ್ಲ. ನಾನೂ ಮುಟ್ಟಿರಲಿಲ್ಲ. ಪ್ರೆಷರ್ ಫುಟ್ ಬಟ್ಟೆಯನ್ನು ಎಷ್ಟು ಒತ್ತಬೇಕು ಅನ್ನುವುದು ಆ ಸ್ಕ್ರೂ ಕೈಯಲ್ಲಿದೆ. ಫ್ಲೀಸಿಗೆ ಅದನ್ನು ಸಡಿಲ ಮಾಡಿ. ಮಾಡದಿದ್ದರೆ ಕೆಳಗಿನ ಹಲ್ಲು ಕೆಳಪದರವನ್ನು ತಳ್ಳುತ್ತಾ ಹೋಗುತ್ತದೆ, ಫುಟ್ ಮೇಲ್ಪದರವನ್ನು ತಡೆದು ನಿಲ್ಲಿಸುತ್ತದೆ. ಕೊನೆಗೆ ಬಂದು ನೋಡಿದರೆ ಒಂದು ಪದರ ಇನ್ನೊಂದಕ್ಕಿಂತ ಅರ್ಧ ಇಂಚು ಉದ್ದ. ಹಪ್ಪಳದ ಅಂಚಿಗೆ ಮುಖ್ಯ ಕಾರಣ ಇದೇ. ಎರಡನೇ ಕಾರಣ ನಮ್ಮ ಕೈ. ಹಿಂದಿನಿಂದ ಎಳೆಯುವ ಅಭ್ಯಾಸ ಬಿಡಿ. ಬಟ್ಟೆಯನ್ನು ಮೇಜಿನ ಮೇಲೆ ಪೂರ್ತಿ ಹಾಸಿಡಿ, ತೊಡೆಯ ಮೇಲೆ ಜೋತು ಬಿದ್ದರೆ ಅದರ ಭಾರವೇ ಎಳೆಯುತ್ತದೆ. ಒಂದು ಗೇಣು ಹೊಲಿದ ಮೇಲೆ ಸೂಜಿ ಕೆಳಗೇ ಇರಲಿ, ಫುಟ್ ಒಮ್ಮೆ ಎತ್ತಿ ಇಳಿಸಿ. ಬಟ್ಟೆ ಉಸಿರು ಬಿಟ್ಟು ತನ್ನ ಜಾಗಕ್ಕೆ ಬರುತ್ತದೆ. ಮುಗಿದ ಮೇಲೆ ಸ್ಕ್ರೂ ಮತ್ತೆ ಬಿಗಿ ಮಾಡುವುದನ್ನು ಮರೆಯಬೇಡಿ. ಮರೆತು ರೇಷ್ಮೆ ಬ್ಲೌಸ್ ಹೊಲಿಯಲು ಕೂತ ದಿನ ನಾನು ಮಷಿನ್ ಕೆಟ್ಟಿತು ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಿದ್ದೆ.

ಪ್ರತಿ ಜಾಕೆಟ್ ಆದ ಮೇಲೂ ಶಟಲ್ ಬಿಚ್ಚಿ ಹಳೇ ಟೂತ್‌ಬ್ರಷ್‌ನಲ್ಲಿ ಗುಡಿಸಿ. ಅಲ್ಲಿ ಒಂದು ಸಣ್ಣ ಹಕ್ಕಿಗೂಡಿನಷ್ಟು ಜುಂಗು ಸೇರಿರುತ್ತದೆ. ಎಣ್ಣೆಯನ್ನೂ ಅದೇ ಕುಡಿದಿರುತ್ತದೆ, ಆದ್ದರಿಂದ ಒಂದೆರಡು ತೊಟ್ಟು ಎಣ್ಣೆ ಬಿಡಿ.

ಹೊಲಿಯುವ ಕ್ರಮ ಹೀಗಿರಲಿ. ಮೊದಲು ಭುಜ. ಭುಜದ ಹೊಲಿಗೆಯಲ್ಲಿ ಅರ್ಧ ಇಂಚು ಅಗಲದ ಹತ್ತಿ ಪಟ್ಟಿ ಸೇರಿಸಿ ಹೊಲಿಯಿರಿ, ಇಲ್ಲದಿದ್ದರೆ ಇಡೀ ಜಾಕೆಟ್ಟಿನ ಭಾರಕ್ಕೆ ಭುಜ ಜಗ್ಗುತ್ತದೆ. ಪಟ್ಟಿಗೆ ದುಡ್ಡು ಕೊಡಬೇಡಿ. ಬ್ಲೌಸ್ ಲೈನಿಂಗ್ ಚೂರುಗಳು ನಮ್ಮ ಮನೆಯಲ್ಲಿ ಮೂಟೆಗಟ್ಟಲೆ ಇರುತ್ತವೆ, ಅಲ್ವಾ? ನೇರ ಎಳೆಯಲ್ಲಿ ಕತ್ತರಿಸಿಕೊಳ್ಳಿ. ಆಮೇಲೆ ತೋಳು. ಬ್ಲೌಸಿನ ಹಾಗೆ ಪಕ್ಕ ಮುಚ್ಚಿದ ಮೇಲೆ ಸುತ್ತಿ ಕೂರಿಸಬೇಡಿ. ಪಕ್ಕ ಇನ್ನೂ ಬಿಚ್ಚಿರುವಾಗಲೇ ತೋಳನ್ನು ಹಾಸಿ ಕೂಡಿಸಿ. ಕೊನೆಗೆ ತೋಳಿನ ತುದಿಯಿಂದ ಕಂಕುಳು ದಾಟಿ ಜಾಕೆಟ್ಟಿನ ತುದಿಯವರೆಗೆ ಒಂದೇ ಓಟ.

ಇಸ್ತ್ರಿ ಇಲ್ಲದೆ ಹೊಲಿಗೆ ಮಲಗುವುದು ಹೇಗೆ? ಇದೇ ನನಗೆ ಬಹಳ ದಿನ ತಲೆ ತಿಂದದ್ದು. ಪಾಲಿಯೆಸ್ಟರ್ ಪೂರ್ತಿ ಕರಗುವುದು ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಅದಕ್ಕಿಂತ ಎಷ್ಟೋ ಮೊದಲೇ ಜುಂಗು ಮೆತ್ತಗಾಗಿ, ಒತ್ತಿದ ಜಾಗದಲ್ಲಿ ಚಪ್ಪಟೆಯಾಗಿಬಿಡುತ್ತದೆ. ಆ ಮಿಂಚು ಮತ್ತೆ ಹೋಗುವುದಿಲ್ಲ. ಕಾಲರ್ ಗಟ್ಟಿಯಾಗಲು ಇಸ್ತ್ರಿ ಒತ್ತಿ ಅಂಟಿಸುವ ಕ್ಯಾನ್ವಾಸ್ ಕೂಡ ಇದೇ ಕಾರಣಕ್ಕೆ ಬೇಡ. ಉಪಾಯ ಏನೆಂದರೆ, ಮಾರ್ಜಿನ್ ಅರ್ಧ ಇಂಚು ಬಿಟ್ಟು ಹೊಲಿಯಿರಿ. ಎರಡು ಪದರದಲ್ಲಿ ಒಂದನ್ನು ಮಾತ್ರ ಅರ್ಧಕ್ಕೆ ಕತ್ತರಿಸಿ. ಅಗಲ ಉಳಿದದ್ದನ್ನು ಅದರ ಮೇಲೆ ಮಲಗಿಸಿ, ಉಗುರಿನಿಂದ ತೀಡಿ, ಹೊರಮೈ ಕಡೆಯಿಂದ ಕಾಲಿಂಚು ದೂರದಲ್ಲಿ ಇನ್ನೊಂದು ಹೊಲಿಗೆ ಹಾಕಿ. ಹೊಲಿಗೆ ಚಪ್ಪಟೆಯಾಗಿ ಕೂರುತ್ತದೆ, ಗಟ್ಟಿಯೂ ಆಗುತ್ತದೆ. ಎಳೆ ಬಿಡುವ ಬಟ್ಟೆ ಅಲ್ಲವಾದ್ದರಿಂದ ಓವರ್‌ಲಾಕ್ ಖರ್ಚು ಉಳಿಯಿತು.

ಜಿಪ್ಪು ಎಲ್ಲರಿಗೂ ಭಯ. ಜಿಪ್ಪಿನ ಪಟ್ಟಿ ಹಿಗ್ಗುವುದಿಲ್ಲ, ಬಟ್ಟೆ ಹಿಗ್ಗುತ್ತದೆ. ಎರಡನ್ನೂ ಸುಮ್ನೆ ಸೇರಿಸಿ ಹೊಲಿದರೆ ಮುಂಭಾಗ ಹಾವಿನ ಹಾಗೆ ನುಲಿಯುತ್ತದೆ. ಬಟ್ಟೆಯ ಅಂಚಿನ ಒಳಮೈಗೆ ಲೈನಿಂಗ್ ಪಟ್ಟಿ ಕೊಡಿ. ಜಿಪ್ಪಿಗೂ ಬಟ್ಟೆಗೂ ಮೂರು ಮೂರು ಇಂಚಿಗೆ ಗುರುತು ಹಾಕಿ. ಗುರುತಿಗೆ ಗುರುತು ಕೂಡಿಸಿ ಕೈಯಲ್ಲಿ ದೊಡ್ಡ ಟಾಕಾ ಹಾಕಿ. ಆಮೇಲೆ ಮಷಿನ್. ಎರಡೂ ಕಡೆ ಕೆಳಗಿನಿಂದ ಮೇಲಕ್ಕೇ ಹೊಲಿಯಿರಿ. ಒಂದು ಕಡೆ ಮೇಲಕ್ಕೆ, ಒಂದು ಕಡೆ ಕೆಳಕ್ಕೆ ಹೊಲಿದರೆ ಕುತ್ತಿಗೆ ಹತ್ತಿರ ಎರಡು ತುದಿ ಸೇರುವುದಿಲ್ಲ. ಮಾವ ಮಾತ್ರ "ಈ ಜಿಪ್ಪು ಗಿಪ್ಪು ನಂಗೆ ಬ್ಯಾಡಮ್ಮಾ, ಬೆರಳು ಸೆಟೆದಿರ್ತವೆ, ಗುಂಡಿ ಹಾಕು" ಅಂದರು. ಗುಂಡಿಗೂ ಅದೇ ಲೈನಿಂಗ್ ಪಟ್ಟಿ ಹಿಂದೆ ಬೇಕು, ಇಲ್ಲದಿದ್ದರೆ ಕಾಜಾ ಬಾಯಿ ಬಿಟ್ಟುಕೊಳ್ಳುತ್ತದೆ. ಗುಂಡಿ ದೊಡ್ಡದು ಹಾಕಿ. ಚಳಿಗೆ ಬೆರಳು ಸೆಟೆದವರ ಕಷ್ಟ ಅವರಿಗೇ ಗೊತ್ತು.

ಕೆಳಗಿನ ಮಡಿಕೆ ಒಂದೇ ಸಲ ಮಡಚಿ, ಒಂದು ಇಂಚು. ಎರಡು ಮಡಿಕೆ ಹಾಕಿದರೆ ಹಗ್ಗ ಹೊಲಿದ ಹಾಗೆ ಆಗುತ್ತದೆ. ಹತ್ತಿರದಲ್ಲಿ ಪೀಕೋ ಅಂಗಡಿ ಇದ್ದರೆ ಅವರ ಮಷಿನ್ನಿನಲ್ಲಿ ಕಿರಿದಾದ ಜಿಗ್‌ಜಾಗ್ ಹಾಕಿಸಿ, ಬಟ್ಟೆಯ ಜೊತೆ ಹೊಲಿಗೆಯೂ ಹಿಗ್ಗುತ್ತದೆ. ತೋಳಿನ ತುದಿಗೆ ರಿಬ್ ಹಾಕುವುದಾದರೆ ತೋಳಿನ ಬಾಯಿಯ ಮುಕ್ಕಾಲು ಭಾಗದಷ್ಟು ಉದ್ದ ಸಾಕು. ಎಳೆಯುವುದು ರಿಬ್ಬನ್ನು ಮಾತ್ರ, ಫ್ಲೀಸನ್ನಲ್ಲ.

ಉಳಿದ ಚೂರಿನಲ್ಲಿ ಮಕ್ಕಳಿಗೆ ಟೋಪಿ. ತಲೆಯ ಸುತ್ತಳತೆಗಿಂತ ಒಂದು ಇಂಚು ಕಡಿಮೆ, ಕಿವಿ ಮುಚ್ಚುವಷ್ಟು ಉದ್ದ. ಅರ್ಧ ಗಂಟೆಯ ಕೆಲಸ.

ಬೆಟ್ಟಕ್ಕೆ ಬೈಕಿನಲ್ಲಿ ಹೋಗುವ ಹುಡುಗರು ಹೊಲಿಯಲು ಕೊಟ್ಟರೆ ಮೊದಲೇ ಹೇಳಿಬಿಡಿ: ಫ್ಲೀಸ್ ಚಳಿ ತಡೆಯುತ್ತದೆ, ಗಾಳಿ ತಡೆಯುವುದಿಲ್ಲ. ನಂದಿ ಬೆಟ್ಟ 4,851 ಅಡಿ ಎತ್ತರ. ತಿರುವು ಹತ್ತುವಾಗ ಗಾಳಿ ಎದೆಗೇ ನುಗ್ಗುತ್ತದೆ. ಮುಂಭಾಗಕ್ಕಾದರೂ ಟಫೆಟಾ ಲೈನಿಂಗ್ ಹಾಕಿ, ಕೂಲಿ ಜಾಸ್ತಿ ತೆಗೆದುಕೊಳ್ಳಿ.

ಒಗೆಯುವಾಗ ಒಳಮೈ ಹೊರಗೆ ಮಾಡಿ, ತಣ್ಣೀರಿನಲ್ಲಿ ಕೈಯಲ್ಲೇ ಹಿಂಡಿ. ಕಲ್ಲಿನ ಮೇಲೆ ಬಡಿಯುವುದು, ಬ್ರಷ್ ಹಾಕುವುದು ಎರಡೂ ಬೇಡ. ಟವೆಲ್ ಜೊತೆ ನೆನೆಸಿದರೆ ಟವೆಲ್ಲಿನ ಎಳೆಯೆಲ್ಲ ಇದಕ್ಕೆ ಅಂಟುತ್ತದೆ. ನೀರು ಹೀರುವ ಬಟ್ಟೆ ಅಲ್ಲ, ನೆರಳಲ್ಲೂ ಬೇಗ ಒಣಗುತ್ತದೆ.

ಬೆಂಕಿಯ ವಿಷಯ ಮಾತ್ರ ಕೊಟ್ಟವರಿಗೆಲ್ಲ ಕೂರಿಸಿಕೊಂಡು ಹೇಳುತ್ತೇನೆ. ಇದು ಹತ್ತಿಯ ಹಾಗೆ ಉರಿದು ಬೂದಿಯಾಗುವುದಿಲ್ಲ, ಕರಗಿ ಚರ್ಮಕ್ಕೆ ಅಂಟುತ್ತದೆ. ಸೌದೆ ಒಲೆ ಮುಂದೆ ಕೂರುವ ಅಜ್ಜಿಯರಿಗೆ, ಮಕ್ಕಳಿಗೆ ಇದನ್ನು ಹಾಕಿ ಒಲೆ ಹತ್ತಿರ ಬಿಡಬೇಡಿ. ಮಾರುಕಟ್ಟೆಯಲ್ಲಿ ಬೆಳಗಿನ ಜಾವ ರಟ್ಟಿನ ಡಬ್ಬ ಸುಟ್ಟು ಬೆಂಕಿ ಕಾಯಿಸುವುದು ಇದ್ದದ್ದೇ. ಮಾವನಿಗೂ ಹೇಳಿದ್ದೆ. ಕೇಳಲಿಲ್ಲ. ಒಂದು ಕಿಡಿ ಹಾರಿ ಎಡ ಎದೆಯ ಮೇಲೆ ಕಡಲೆಕಾಳಿನಷ್ಟು ತೂತಾಯಿತು, ಸುತ್ತ ಗಟ್ಟಿ ಪ್ಲಾಸ್ಟಿಕ್ ಅಂಚು. ಅಂಥ ತೂತಿಗೆ ರಫೂ ಆಗುವುದಿಲ್ಲ. ಗಟ್ಟಿಯಾದ ಅಂಚನ್ನು ಕತ್ತರಿಸಿ ತೆಗೆದು, ಜುಂಗಿನ ಓಟ ನೋಡಿ ಅದೇ ಬಟ್ಟೆಯ ತುಂಡು ಇಟ್ಟು ಸುತ್ತ ಹೊಲಿಯಬೇಕು. ನಾನು ತುಂಡಿನ ಬದಲು ಒಂದು ಜೇಬನ್ನೇ ಇಟ್ಟೆ. ಮಾವನಿಗೆ ಚೀಟಿ, ಪೆನ್ನು ಇಡಲು ಅನುಕೂಲ ಆಯಿತು. ಹೋದ ವಾರ ಬಲಗಡೆಯೂ ಒಂದು ಜೇಬು ಹಾಕಿಕೊಟ್ಟೆ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.